ತೂಕ ಸರಿಯಿದ್ದರೆ ಸಾಲದು, ಮಗು

172 ಸೆಂಟಿಮೀಟರ್ ಎತ್ತರ, 65 ಕಿಲೋ ತೂಕ, ಬಿಎಂಐ 22, ಎಲ್ಲಾ ನಾರ್ಮಲ್ ಎಂದು ಆಫೀಸಿನ ತಪಾಸಣೆಯ ರಿಪೋರ್ಟು ತೋರಿಸಿದೆಯಲ್ಲ, ನನಗೂ ಸಂತೋಷವಾಯಿತು. ಆದರೆ ಅಂಗಿಯ ಕೆಳಗಿನ ಗುಂಡಿ ಬಿಗಿಯುತ್ತಿರುವುದೂ ಕಣ್ಣಿಗೆ ಬಿತ್ತು. ಅದಕ್ಕೇ ಈ ಮಾತು.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಬಿಎಂಐ ಲೆಕ್ಕ 19ನೇ ಶತಮಾನದ ಬೆಲ್ಜಿಯಂ ವಿದ್ವಾಂಸ ಕ್ವೆಟಲೆಯದು. ಅವನು ಅಳೆಯಹೊರಟದ್ದು ಜನಸಮೂಹವನ್ನು, ಒಬ್ಬೊಬ್ಬರ ಆರೋಗ್ಯವನ್ನಲ್ಲ. ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ಕೊಬ್ಬು ಎಲ್ಲಿ ಕೂತಿದೆ ಎಂಬುದನ್ನು ಅದು ಹೇಳಲಾರದು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನಮ್ಮವರ ದೇಹದ ಗುಣವೇ ಹಾಗೆ. ಕೈಕಾಲು ಸಣ್ಣ, ಕೊಬ್ಬು ಮಾತ್ರ ನಡುವಿನಲ್ಲಿ. ಮೈಸೂರಿನಲ್ಲಿ ಹುಟ್ಟಿದ ಕೂಸುಗಳನ್ನು ಅಳೆದಾಗಲೂ ತೂಕ ಕಡಿಮೆ, ಬೆನ್ನಿನ ಮೇಲಿನ ಕೊಬ್ಬು ಮಾತ್ರ ಕಡಿಮೆಯಿಲ್ಲ ಎಂದು ಕಂಡುಬಂತು. ಆದ್ದರಿಂದಲೇ ಭಾರತೀಯರಿಗೆ ಬಿಎಂಐಯ ಎಚ್ಚರಿಕೆಯ ಗೆರೆಯನ್ನು 25ರಿಂದ 23ಕ್ಕೆ ಇಳಿಸಿದ್ದಾರೆ.

ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲಗಳು ರಕ್ತದ ಜೊತೆ ನೇರ ಯಕೃತ್ತಿಗೆ ಹೋಗುತ್ತವೆ. ಇನ್ಸುಲಿನ್ ಕೆಲಸ ಕುಂಠಿತವಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ದಾರಿಯಾಗುತ್ತದೆ. ನಿಮ್ಮಪ್ಪನಿಗೆ ಶುಗರ್ ಇದೆ ಎಂಬುದನ್ನು ಮರೆಯಬೇಡ.

ಅದಕ್ಕೇ ಸೊಂಟ ಅಳೆದು ನೋಡು, ಒಂದು ಹೊಲಿಗೆ ಟೇಪು ತಗೋ. ಪ್ಯಾಂಟಿನ ಸೈಜು ನಂಬಬೇಡ, ಹೊಟ್ಟೆ ಬಂದವರು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ನಂಬರು ಬದಲಾಗುವುದೇ ಇಲ್ಲ. ಬರಿಮೈಯಲ್ಲಿ ನೇರ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪನ್ನು ಅಡ್ಡ ಸುತ್ತು. ಉಸಿರು ಸಹಜವಾಗಿ ಬಿಟ್ಟಾಗ ಓದು. ಹೊಟ್ಟೆ ಒಳಗೆಳೆದು ಅಳೆದರೆ ನಿನಗೇ ನೀನು ಮೋಸ ಮಾಡಿಕೊಂಡ ಹಾಗೆ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ ಅಪಾಯ ಎಂದು ಲೆಕ್ಕ. ಇನ್ನೂ ಸುಲಭದ್ದು, ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿನ್ನ ಎತ್ತರಕ್ಕೆ ಆ ಗಡಿ 86.

ಅಳತೆ ಅದನ್ನು ದಾಟಿದ್ದರೆ ಗಾಬರಿಯಾಗಿ ಊಟ ಬಿಡಬೇಡ. ಟೇಪು ಕಾಯಿಲೆಯನ್ನು ಹೇಳುವುದಿಲ್ಲ, ಹುಷಾರು ಎನ್ನುತ್ತದೆ ಅಷ್ಟೆ. ಡಾಕ್ಟರ ಹತ್ತಿರ ಹೋಗಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸು. ತಟ್ಟೆಯಲ್ಲಿ ಅನ್ನ ಸ್ವಲ್ಪ ಇಳಿಸಿ ಕಾಳು, ಪಲ್ಯ ಏರಿಸು. ದಿನವೂ ಬೆವರು ಬರುವಷ್ಟು ಬಿರುಸಾಗಿ ನಡೆ, ವಾರದಲ್ಲೆರಡು ದಿನವಾದರೂ ಭಾರ ಎತ್ತು. ತೂಕ ಇಳಿಯದಿದ್ದರೂ ಸೊಂಟ ಇಳಿಯಬಹುದು. ಅದೂ ಗೆಲುವೇ, ಬೇಸರಪಟ್ಟು ನಿಲ್ಲಿಸಬೇಡ.

ಮುಂದಿನ ಸಲ ಊರಿಗೆ ಬರುವಾಗ ಟೇಪು ತಾ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಕೊಬ್ಬು ಹೊಟ್ಟೆಗೆ ಸರಿಯುತ್ತದೆ. ನಿಮ್ಮಮ್ಮ ತನ್ನ ಆರೋಗ್ಯದ ಬಗ್ಗೆ ತಾನಾಗಿ ಬಾಯಿ ಬಿಡುವವಳಲ್ಲ. ನೀನೇ ಕೇಳಿ ಅವಳ ಅಳತೆಯನ್ನೂ ನೋಡು.