ತುಕ್ಕಿನ ಮೇಲೆ ಪುಟ್ಟಿ



ಧಮ್ಮಪದದ ಮಲವಗ್ಗದ 240ನೇ ಗಾಥೆಯಲ್ಲಿ ತುಕ್ಕಿನ ಉಪಮೆ ಬರುತ್ತದೆ. ಕಬ್ಬಿಣವನ್ನು ತಿನ್ನುವ ತುಕ್ಕು ಹುಟ್ಟುವುದು ಆ ಕಬ್ಬಿಣದಲ್ಲೇ. ಮನುಷ್ಯನನ್ನು ಕೆಡಿಸುವುದೂ ಅವನದೇ ಕೃತ್ಯ.

ಗಾಂಧಿನಗರದಲ್ಲಿ ನಾನು ಶಾಲೆಗೆ ಹೋಗುವ ದಾರಿಯಲ್ಲಿ ಕಾರುಗಳ ಟಿಂಕರಿಂಗ್ ಶೆಡ್ ಒಂದಿದೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಅದರಡಿ ತುಕ್ಕು ಆಗಲೇ ಹರಡಿರುತ್ತದೆ. ಮೇಸ್ತ್ರಿ ಮೊದಲು ಪುಟ್ಟಿ ಮುಟ್ಟುವುದಿಲ್ಲ. 80 ನಂಬರಿನ ಎಮರಿ ಪೇಪರಿನಲ್ಲಿ ತಗಡು ಹೊಳೆಯುವ ತನಕ ಉಜ್ಜುತ್ತಾರೆ. ತೂತು ಬಿದ್ದಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುತ್ತಾರೆ. ಆಮೇಲೆಯೇ ಪುಟ್ಟಿಗೆ ಹಾರ್ಡನರ್ ಕಲಸಿ ತೆಳ್ಳಗೆ ಎಳೆಯುವುದು. ನಂತರ ಪ್ರೈಮರ್, ಬಣ್ಣ. ಪುಟ್ಟಿ ತೇವ ಹೀರುತ್ತದೆ. ತುಕ್ಕಿನ ಮೇಲೇ ಮೆತ್ತಿದರೆ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಮತ್ತೆ ಏಳುತ್ತದೆ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಹೇಳಿದ್ದೂ ಇದನ್ನೇ: ಸಹಭೋಜನವೊಂದೇ ಸಾಲದು, ಜಾತಿಯನ್ನು ಪವಿತ್ರವೆಂದು ನಂಬಿಸುವ ಶಾಸ್ತ್ರಗಳ ಅಧಿಕಾರವೇ ಅಳಿಯಬೇಕು. 1956ರಲ್ಲಿ ನಾಗಪುರದ ದೀಕ್ಷೆಯಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 9ನೆಯದು ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು.

ನಮ್ಮ ಮನೆಗಳ ಗೋಡೆಯ ಮೇಲೆ ಬುದ್ಧರ, ಬಾಬಾಸಾಹೇಬರ ಫೋಟೊ ಇದೆ. ಮದುವೆ ಮಾತು ಬಂದಾಗ ‘ಎಡಗೈಯವರೋ, ಬಲಗೈಯವರೋ?’ ಎಂಬ ಪ್ರಶ್ನೆಯೂ ಇದೆ. ಈ ವಿಂಗಡಣೆ ನಾವು ಮಾಡಿದ್ದಲ್ಲ, ನಿಜ. ಆದರೆ ಇಂದು ಕೇಳುತ್ತಿರುವ ಬಾಯಿ ನಮ್ಮದು. ಫೋಟೊ ಪುಟ್ಟಿಯಾಗಬಾರದು.

ಇಂದಿನ ಅಭ್ಯಾಸ: ಮನೆಯಲ್ಲಿ ಸಂಬಂಧದ ಮಾತು ಬಂದಾಗ ಈ ಪ್ರಶ್ನೆ ಯಾರು ಕೇಳುತ್ತಾರೆ ಗಮನಿಸಿ. ಹಿರಿಯರೇ ಆದರೂ ವಿನಯದಿಂದ ತಡೆಯಿರಿ. ಕೇಳುವವರು ನಾವೇ ಆಗಿದ್ದರೆ ಅಲ್ಲಿಂದಲೇ ಉಜ್ಜಲು ಶುರು ಮಾಡೋಣ.

ಜೈ ಭೀಮ್.