ಬಿಡದ ಬೆನ್ನುನೋವಿಗೆ ಕೊಟ್ಟಿಗೆಯ ಸೋಂಕು ಕಾರಣವೇ?

ಸೊಂಟನೋವು ಎಂದರೆ ಭಾರ ಎತ್ತಿದ್ದು, ಉಳುಕಿದ್ದು, ವಯಸ್ಸಾದದ್ದು ಎಂದುಕೊಂಡು ಮುಲಾಮು ತಿಕ್ಕಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೂ ಹೌದು. ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಆದರೆ ನೋವಿನ ಜೊತೆಗೆ ಸಂಜೆಯಾಗುತ್ತಲೇ ಜ್ವರ ಕಾಣಿಸಿಕೊಂಡರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಮಲಗಿ ವಿಶ್ರಾಂತಿ ಪಡೆದರೂ ನೋವು ತಗ್ಗದಿದ್ದರೆ, ಮೈತೂಕ ಇಳಿಯುತ್ತ ಬಂದರೆ ಅದನ್ನು ಉಳುಕೆಂದು ತಳ್ಳಿಹಾಕಬೇಡಿ. ಬೆನ್ನುಮೂಳೆಗೆ ಸೋಂಕು ತಗುಲಿರಬಹುದು.

ಮಕ್ಕಳಲ್ಲಿ ಮೂಳೆಯ ಸೋಂಕು ಹೆಚ್ಚಾಗಿ ಕೈಕಾಲುಗಳ ಉದ್ದನೆಯ ಮೂಳೆಗಳಲ್ಲಿ ಕಾಣಿಸುತ್ತದೆ. ದೊಡ್ಡವರಲ್ಲಿ ರಕ್ತದ ಮೂಲಕ ಬರುವ ರೋಗಾಣುಗಳು ಬೆನ್ನುಮೂಳೆಯಲ್ಲಿ ಬೀಡುಬಿಡುವುದೇ ಹೆಚ್ಚು. ಕೀವು ಉಂಟುಮಾಡುವ ಸ್ಟೆಫಲೊಕಾಕಸ್ ಎಲ್ಲರಿಗೂ ತಿಳಿದ ಶತ್ರು. ನಮ್ಮ ದೇಶದಲ್ಲಿ ಕ್ಷಯವೂ ಸಾಮಾನ್ಯ. ಇವೆರಡರ ನಡುವೆ ಮರೆತುಹೋಗುವ ಮೂರನೆಯ ರೋಗಾಣು ಬ್ರೂಸೆಲ್ಲಾ. ಹಸು, ಎಮ್ಮೆ, ಕುರಿ, ಮೇಕೆಗಳನ್ನು ಸಾಕುವ ಮನೆಗಳು ಇದರ ಹೆಸರನ್ನಾದರೂ ತಿಳಿದಿರಬೇಕು.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಬ್ರಿಟಿಷ್ ಸೇನಾ ವೈದ್ಯರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಈ ರೋಗಾಣುವನ್ನು ಪತ್ತೆಹಚ್ಚಿದರು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳು ಅದನ್ನು ಹಾಲಿನಲ್ಲಿ ಹೊರಹಾಕುತ್ತಿದ್ದವು! ನಮ್ಮ ರೈತರಿಗೆ ಈ ಕಾಯಿಲೆ ‘ಕಂದು ರೋಗ’ವೆಂದು ಪರಿಚಿತ. ಗಬ್ಬದ ಹಸು ಐದನೇ ತಿಂಗಳ ನಂತರ ಕಂದು ಹಾಕುತ್ತದೆ, ಕಸ ಸರಿಯಾಗಿ ಬೀಳುವುದಿಲ್ಲ. ಆ ಕಸ, ಸತ್ತ ಕರು, ಗರ್ಭದ ನೀರು ಇವುಗಳಲ್ಲಿ ರೋಗಾಣುಗಳು ಕಿಕ್ಕಿರಿದಿರುತ್ತವೆ. ಬರಿಗೈಯಲ್ಲಿ ಅದನ್ನು ಎಳೆದು ತೆಗೆದವರಿಗೆ ಕೈಯ ಸಣ್ಣ ಗಾಯದ ಮೂಲಕವೇ ಸೋಂಕು ತಗುಲಬಹುದು. ಕಾಯಿಸದ ಹಾಲು ಇನ್ನೊಂದು ದಾರಿ. ಕೆಚ್ಚಲಿನಿಂದ ಕರೆದ ಬಿಸಿ ನೊರೆಹಾಲು ಮೈಗೆ ಪುಷ್ಟಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಬಿಸಿ ಹಸುವಿನ ಮೈಬಿಸಿಯಷ್ಟೇ. ರೋಗಾಣು ಅದಕ್ಕೆ ಸಾಯುವುದಿಲ್ಲ.

ಸೋಂಕು ತಗುಲಿದ ಕೆಲವು ವಾರಗಳ ನಂತರ, ಒಮ್ಮೊಮ್ಮೆ ತಿಂಗಳುಗಳೇ ಕಳೆದ ಮೇಲೆ, ಬಿಟ್ಟುಬಿಟ್ಟು ಬರುವ ಜ್ವರ, ಸುಸ್ತು, ಕೀಲುನೋವು ಆರಂಭವಾಗುತ್ತವೆ. ಗಂಡಸರಲ್ಲಿ ವೃಷಣ ಊದಿಕೊಳ್ಳುವುದೂ ಉಂಟು. ಮೂಳೆಗೆ ಹೋದಾಗ ಸೊಂಟದ ಕೆಳಭಾಗದ ಕಶೇರುಗಳೂ, ಬೆನ್ನು ಮತ್ತು ಕಟಿ ಸೇರುವ ಕೀಲೂ ಅದಕ್ಕೆ ಪ್ರಿಯವಾದ ಜಾಗಗಳು. ಕ್ಷಯ ಸಾಮಾನ್ಯವಾಗಿ ಇನ್ನೂ ಮೇಲೆ, ಎದೆಯ ಹಿಂಭಾಗದ ಕಶೇರುಗಳನ್ನು ಹಿಡಿಯುತ್ತದೆ, ಮೂಳೆಯನ್ನು ಕುಸಿಯುವಂತೆ ಮಾಡಿ ಗೂನು ತರುತ್ತದೆ. ಬ್ರೂಸೆಲ್ಲಾ ಕಶೇರುವಿನ ಅಂಚನ್ನು ಕೊರೆದರೂ ಅದರ ಆಕಾರವನ್ನು ಬಹುಮಟ್ಟಿಗೆ ಉಳಿಸುತ್ತದೆ. ಪುಸ್ತಕದಲ್ಲಿ ಈ ವ್ಯತ್ಯಾಸ ಸ್ಪಷ್ಟ, ರೋಗಿಯಲ್ಲಿ ಅಷ್ಟಿಲ್ಲ. ಚಿತ್ರ ನೋಡಿ ಮಾತ್ರ ಖಚಿತವಾಗಿ ಹೇಳುವುದು ಪರಿಣತರಿಗೂ ಕಷ್ಟ.

ಇಲ್ಲೇ ಎಡವಟ್ಟಾಗುವುದು. ಸ್ಕ್ಯಾನಿಂಗ್‌ನಲ್ಲಿ ಮೂಳೆ ಸವೆದಿದೆ, ಜ್ವರವೂ ಇದೆ, ‘ಕ್ಷಯವೇ ಇರಬೇಕು’ ಎಂದು ಚಿಕಿತ್ಸೆ ಆರಂಭವಾಗುತ್ತದೆ. ಕ್ಷಯವನ್ನು ಶಂಕಿಸುವುದು ನ್ಯಾಯವೇ, ಪರೀಕ್ಷಿಸದೆ ತೀರ್ಮಾನಿಸುವುದು ನ್ಯಾಯವಲ್ಲ. ಕ್ಷಯದ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಬ್ರೂಸೆಲ್ಲಾದ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ರೋಗಿಗೆ ಮೊದಲು ಸ್ವಲ್ಪ ಗುಣ ಕಾಣಿಸುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಜೊತೆಗೆ ಬೇಕಾದ ಸರಿಯಾದ ಔಷಧಿ ಇಲ್ಲದೆ ರೋಗ ಮತ್ತೆ ಮರಳುತ್ತದೆ. ಇದರ ತಿರುವುಮುರುವೂ ಆಗುವುದುಂಟು: ಜ್ವರಕ್ಕೆಂದು ಅಂಗಡಿಯಲ್ಲಿ ಕೊಂಡ ಕೆಲವು ಆ್ಯಂಟಿಬಯಾಟಿಕ್ ಮಾತ್ರೆಗಳು ಕ್ಷಯವನ್ನು ತಾತ್ಕಾಲಿಕವಾಗಿ ಅದುಮಿ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತವೆ.

ಮೊದಲ ಎರಡು ಮೂರು ವಾರ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ‘ಎಕ್ಸ್‌ರೇಲಿ ಏನೂ ಇಲ್ಲ’ ಎಂಬ ಮಾತಿಗೆ ನಿಶ್ಚಿಂತರಾಗಬೇಡಿ. ಎಂ.ಆರ್.ಐ. ಸ್ಕ್ಯಾನ್ ಬೇಗ ತೋರಿಸುತ್ತದೆ. ಬ್ರೂಸೆಲ್ಲಾಕ್ಕೆ ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಇದೆ, ಆದರೆ ದನಗಳೊಡನೆ ಬದುಕುವವರಲ್ಲಿ ಹಳೆಯ ಸೋಂಕಿನಿಂದಲೂ ಅದು ಪಾಸಿಟಿವ್ ಬರಬಹುದು. ಆದ್ದರಿಂದ ಲಕ್ಷಣಗಳ ಜೊತೆಗಿಟ್ಟೇ ಅದನ್ನು ಓದಬೇಕು. ರಕ್ತದ ಕಲ್ಚರ್‌ನಲ್ಲಿ ಈ ರೋಗಾಣು ನಿಧಾನವಾಗಿ ಬೆಳೆಯುತ್ತದೆ. ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸುವುದು ಅಗತ್ಯ. ಅಲ್ಲಿನ ಸಿಬ್ಬಂದಿಗೂ ಅದು ತಗುಲಬಲ್ಲುದು. ಇಷ್ಟಾದರೂ ಉತ್ತರ ಸಿಗದಿದ್ದರೆ ಸ್ಕ್ಯಾನಿಂಗ್ ನೆರವಿನಿಂದ ಸೂಜಿ ಹಾಕಿ ಮೂಳೆಯ ಚೂರು ತೆಗೆದು ಕಲ್ಚರ್, ಕ್ಷಯದ ಸಿಬಿನಾಟ್ ಪರೀಕ್ಷೆ, ಸೂಕ್ಷ್ಮದರ್ಶಕದ ಪರೀಕ್ಷೆ ಮೂರನ್ನೂ ಮಾಡಿಸಬೇಕು. ಬೆನ್ನಿಗೆ ಸೂಜಿ ಎಂದರೆ ಮನೆಯವರು ಹೆದರುತ್ತಾರೆ. ತಿಂಗಳುಗಟ್ಟಲೆ ತಪ್ಪು ಔಷಧಿ ನುಂಗುವುದಕ್ಕಿಂತ ಆ ಒಂದು ಸೂಜಿ ಎಷ್ಟೋ ವಾಸಿ. ರೋಗಿಯ ಸ್ಥಿತಿ ಗಂಭೀರವಾಗಿಲ್ಲದಿದ್ದರೆ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಮಾದರಿ ತೆಗೆಯಬೇಕು.

ಮನೆಯಲ್ಲಿ ಹಸುವಿದೆ, ಕಳೆದ ವರ್ಷ ಕಂದು ಹಾಕಿತು, ಹಾಲು ಹಸಿಯಾಗಿ ಕುಡಿಯುತ್ತೇವೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಪಶುವೈದ್ಯರು, ಕುರಿಗಾಹಿಗಳು, ಕಸಾಯಿಖಾನೆಯ ಕೆಲಸಗಾರರು ತಮ್ಮ ವೃತ್ತಿಯನ್ನು ತಪ್ಪದೆ ತಿಳಿಸಬೇಕು. ಕರಾವಳಿಯ ಮಧುಮೇಹಿಗಳು ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿದಿದ್ದರೆ ಅದನ್ನೂ ಹೇಳಬೇಕು. ಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಇನ್ನೊಂದು ಸೋಂಕು ಮೂಳೆಯನ್ನು ಹಿಡಿಯಬಲ್ಲುದು, ಅದರ ಔಷಧಿಗಳೇ ಬೇರೆ.

ಬ್ರೂಸೆಲ್ಲಾಕ್ಕೆ ಒಂದೇ ಔಷಧಿ ಸಾಲದು. ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್, ಅಥವಾ ಆರಂಭದಲ್ಲಿ ಸ್ಟ್ರೆಪ್ಟೊಮೈಸಿನ್ ಇಲ್ಲವೆ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುತ್ತಾರೆ. ಸಾಧಾರಣ ಜ್ವರಕ್ಕೆ 6 ವಾರ ಸಾಕು; ಬೆನ್ನುಮೂಳೆ ಹಿಡಿದಿದ್ದರೆ ಕನಿಷ್ಠ 3 ತಿಂಗಳು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ. ಎರಡನೇ ತಿಂಗಳಿಗೆ ನೋವು ಹೋಯಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು.

ಹಾಲನ್ನು ಚೆನ್ನಾಗಿ ಕುದಿಸಿ. ಕುದಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರಿಗೆ ಅಂಜಬೇಕಿಲ್ಲ. ಕಂದು ಹಾಕಿದ ಕರು, ಕಸವನ್ನು ನಾಯಿಗೆ ಎಸೆಯದೆ ಕೈಗವಸು ಹಾಕಿಕೊಂಡು ಸುಣ್ಣದೊಡನೆ ಆಳವಾಗಿ ಹೂಳಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಲಾಗುತ್ತದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮನುಷ್ಯರಿಗೆ ಬಳಕೆಯಲ್ಲಿರುವ ಲಸಿಕೆ ನಮ್ಮಲ್ಲಿ ಇಲ್ಲ.

ಬೆನ್ನುನೋವಿನವರ ಕಾಲಿನಲ್ಲಿ ಬಲ ಕುಗ್ಗಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಮಂಕಾದರೆ, ಮೂತ್ರ ಕಟ್ಟಿಕೊಂಡರೆ ನರಗಳ ಮೇಲೆ ಒತ್ತಡ ಬಿದ್ದಿದೆ ಎಂದೇ ತಿಳಿಯಿರಿ. ಮರುದಿನಕ್ಕೆ ಕಾಯದೆ, ಅಂದೇ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.