ಅಭ್ಯಾಸಪಾಠ

ನೀರಿಗಿಳಿಯದೆ ಈಜು ಬಾರದು. ತರಗತಿಯನ್ನು ಹೊಗದೆ ಕಲಿಸುವ ವಿದ್ಯೆ ಸಿದ್ಧಿಸದು. ಆದುದರಿಂದಲೇ ನಾಸಿಕದಲ್ಲಾಗಲಿ, ಛತ್ರಪತಿ ಸಂಭಾಜಿನಗರದಲ್ಲಾಗಲಿ, ಬಿ.ಎಡ್. ವಿದ್ಯಾರ್ಥಿಗಳು ಪ್ರೌಢಶಾಲೆಗಳಿಗೆ ಬಂದು ಪಾಠ ಹೇಳುತ್ತಾರೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷಗಳ ವ್ಯಾಸಂಗದಲ್ಲಿ 20 ವಾರಗಳನ್ನು ಶಾಲಾನುಭವಕ್ಕೆ ಮೀಸಲಿಟ್ಟವು. ಶಾಲೆಗೆ ಬರುವ ಮೊದಲು ಸಹಪಾಠಿಗಳೆದುರು ‘ಸೂಕ್ಷ್ಮಬೋಧನೆ’ ನಡೆಯುವುದು. ನಮ್ಮ ದೇಶದಲ್ಲಿ ಅದರ ಕ್ರಮವು ಹೀಗಿದೆ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮರುಸಿದ್ಧತೆ, ಪುನಃ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, ಒಟ್ಟು 36 ನಿಮಿಷ. ಪ್ರಶ್ನಿಸುವುದು, ಕರಿಹಲಗೆಯನ್ನು ಬಳಸುವುದು ಮುಂತಾದವುಗಳಲ್ಲಿ ಒಂದು ಸಲಕ್ಕೆ ಒಂದೇ ಕೌಶಲ.

ಹೊಸ ಗುರುಗಳು ತಡವರಿಸಿದಾಗ ನಾವು ನಗುವುದುಂಟು. ನಾಳೆ ನಮ್ಮ ತಮ್ಮತಂಗಿಯರಿಗೆ ಕಲಿಸುವವರು ಅವರೇ ಅಲ್ಲವೆ? ಅರ್ಥವಾಗದುದನ್ನು ವಿನಯದಿಂದ ಕೇಳೋಣ, ಅರ್ಥವಾದಂತೆ ನಟಿಸದಿರೋಣ.